ನೋವಿಲ್ಲ ಎಂದು ನನ್ನಿಂದಲೇ ಬರೆಸಿದರು

ನಾನು ಒಂದು ಕನ್ನಡ ಬೆರಳಚ್ಚು ಯಂತ್ರ. ಟೈಪ್‌ರೈಟರ್ ಎಂದರೆ ನಿಮಗೆ ಬೇಗ ಗುರುತು ಹತ್ತಬಹುದು. ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ, ಕನ್ನಡ ಬಾರದವರ ಕೈಯಲ್ಲಿ. ತೆಳ್ಳಗಿನ ಉಕ್ಕಿನ ಕಡ್ಡಿಗಳ ತುದಿಗೆ ಅವರು ಒಂದೊಂದೇ ಅಕ್ಷರವನ್ನು ಬೆಸೆದರು. ‘ಕ’ ಯಾವುದು, ‘ಳ’ ಯಾವುದು ಅವರಿಗೆ ತಿಳಿಯದು. ನಕ್ಷೆ ನೋಡಿಕೊಂಡು, ಚಿತ್ರ ಹೊಂದಿಸುವ ಹಾಗೆ ಹೊಂದಿಸಿದರು. ಹಾಗಾಗಿಯೋ ಏನೋ ನನ್ನ ‘ಳ’ ಕೂದಲೆಳೆಯಷ್ಟು ಮೇಲಕ್ಕೆ ಕೂತುಬಿಟ್ಟಿತು. ಮೈಗೆ ಬೂದು ಬಣ್ಣ ಹಚ್ಚಿ, ಮರದ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಮಲಗಿಸಿ ನನ್ನನ್ನು ರೈಲಿಗೆ ಏರಿಸಿದರು.

ಪೆಟ್ಟಿಗೆ ತೆರೆದದ್ದು ತುಮಕೂರಿನಲ್ಲಿ, ಒಂದು ನಿಗಮದ ಜಿಲ್ಲಾ ಕಚೇರಿಯಲ್ಲಿ. ನಿಗಮದ ಹೆಸರು ನಾನು ಹೇಳುವುದಿಲ್ಲ. ಕಾಗದದ ತಲೆಯ ಮೇಲೆ ಆ ಹೆಸರನ್ನು ಮೂಡಿಸಿ ಮೂಡಿಸಿ ನನಗೆ ಸಾಕಾಗಿಹೋಗಿದೆ.

ಕಚೇರಿಯ ಹಿಂಭಾಗದಲ್ಲಿ ಒಂದು ಕಿರಿದಾದ ಕೋಣೆ. ಒಂದೇ ಕಿಟಕಿ, ಅದರಾಚೆ ಸೈಕಲ್ ನಿಲ್ಲಿಸುವ ಜಾಗ. ಅಲ್ಲಿ ಎರಡು ಮೇಜು, ಎರಡು ಮರದ ಕುರ್ಚಿ, ಇಬ್ಬರು ಹೆಂಗಸರು. ಒಂದು ಮೇಜಿನ ಮೇಲೆ ಮೊದಲೇ ಒಂದು ಹಳೆಯ ಯಂತ್ರವಿತ್ತು. ಅದರ ಕೀಲಿಗಳು ಎಷ್ಟು ಬಿಗಿಯಾಗಿದ್ದವೆಂದರೆ ಒತ್ತುವುದಕ್ಕಿಂತ ಗುದ್ದಬೇಕಾಗಿತ್ತು. ಇನ್ನೊಂದು ಮೇಜಿನ ಮೇಲೆ ನನ್ನನ್ನು ಇಟ್ಟರು.

ಇಬ್ಬರಲ್ಲಿ ಒಬ್ಬಳು ಮುಕ್ತಾಯಕ್ಕ. ತಾಯಿಯ ಜೊತೆ ಚಿಕ್ಕಪೇಟೆಯ ಬಾಡಿಗೆ ಮನೆಯಲ್ಲಿದ್ದಳು. ಮದುವೆಯಾಗಿರಲಿಲ್ಲ. ಇನ್ನೊಬ್ಬಳು ಕಾತ್ಯಾಯಿನಿ. ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆ ಸೇರಿದ್ದಳು. ಇಬ್ಬರದೂ ಒಂದೇ ವಯಸ್ಸು, ಇಬ್ಬರದೂ ತಾತ್ಕಾಲಿಕ ಕೆಲಸ. ಖಾಯಂ ಆಗುತ್ತದೆ ಎಂದು ವರ್ಷವರ್ಷವೂ ಕಾಯುತ್ತಿದ್ದವರು.

ಹೊಸ ಯಂತ್ರ ಯಾರಿಗೆ ಎಂಬ ಮಾತು ಬಂದಾಗ ಅವರು ಜಗಳವಾಡಲಿಲ್ಲ.

“ಒಂದು ವಾರ ನೀನು ಇದರ ಮೇಲೆ ಕೂತ್ಕೋ, ಒಂದು ವಾರ ನಾನು” ಎಂದಳು ಮುಕ್ತಾಯಕ್ಕ. “ಆ ಮುದಿಗೂಬೇನ ಒಬ್ಬಳೇ ಗುದ್ದಿದ್ರೆ ಕೈ ಬಿದ್ದುಹೋಗುತ್ತೆ.”

ಹೀಗೆ ಇಬ್ಬರ ಕೈಗಳೂ ನನಗೆ ಪರಿಚಯವಾದವು. ನನ್ನಂಥವರಿಗೆ ಮನುಷ್ಯರ ಮುಖ ತಡವಾಗಿ ತಿಳಿಯುತ್ತದೆ, ಬೆರಳು ಮೊದಲು. ಮುಕ್ತಾಯಕ್ಕನ ಬೆರಳು ಮಳೆ ಹನಿದ ಹಾಗೆ, ಒಂದೇ ಸಮ. ಕಾತ್ಯಾಯಿನಿಯದು ಓಟ, ಓಡಿ ಓಡಿ ಒಮ್ಮೆ ನಿಂತು, ಮತ್ತೆ ಓಡುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಮುಕ್ತಾಯಕ್ಕ ಮೆತ್ತನೆಯ ಬಟ್ಟೆಯಿಂದ ನನ್ನ ಅಕ್ಷರಗಳನ್ನು ಒರೆಸುವಳು. ‘ಳ’ ಹತ್ತಿರ ಬಂದಾಗ “ಏನೋ ನಿಂದು, ಎದ್ದು ನಿಂತಿದೀಯಲ್ಲ” ಎನ್ನುವಳು. ನನಗೆ ಆಗ ಬಹಳ ಸಂತೋಷವಾಗುತ್ತಿತ್ತು. ಈಕೆ ನನ್ನವಳು ಎಂದುಕೊಂಡೆ.

ಕೆಲಸ ಮೊದಲು ಹದವಾಗಿಯೇ ಇತ್ತು. ಆಮೇಲೆ ನಿಗಮ ಬೆಳೆಯಿತು. ತಾಲ್ಲೂಕಿಗೊಂದು ಶಾಖೆ ಬಂತು. ಪ್ರತಿ ಸುತ್ತೋಲೆಯೂ ಪ್ರತಿ ಶಾಖೆಗೆ ಹೋಗಬೇಕು. ಕಾಗದಗಳ ನಡುವೆ ಕಪ್ಪು ಕಾರ್ಬನ್ ಹಾಳೆ ಇಟ್ಟು ಒಂದೇ ಏಟಿಗೆ ಹಲವು ಪ್ರತಿ ತೆಗೆಯಬೇಕಾದರೆ ಬೆರಳು ಸುಮ್ಮನೆ ಒತ್ತಿದರೆ ಸಾಲದು, ಕುಕ್ಕಬೇಕು. ಅದಕ್ಕಿಂತ ಕಷ್ಟದ್ದು ಸ್ಟೆನ್ಸಿಲ್. ಮೇಣ ಹಚ್ಚಿದ ಹಾಳೆಯನ್ನು ಅಕ್ಷರದ ಏಟಿನಿಂದಲೇ ಕೊರೆಯಬೇಕು. ಆಮೇಲೆ ಅದನ್ನು ಶಾಯಿಯ ಉರುಳೆಗೆ ಸುತ್ತಿ ನೂರಾರು ಪ್ರತಿ ತೆಗೆಯುತ್ತಾರೆ. ಒಂದು ಅಕ್ಷರ ಮೆತ್ತಗೆ ಬಿದ್ದರೆ ಎಲ್ಲ ಪ್ರತಿಯಲ್ಲೂ ಮಸುಕು. ಸಾಲದ್ದಕ್ಕೆ ನಮ್ಮ ಕನ್ನಡದ ಒಂದು ಅಕ್ಷರಕ್ಕೆ ಎರಡು ಏಟು, ಕೆಲವಕ್ಕೆ ಮೂರು. ಮೂಲಾಕ್ಷರಕ್ಕೆ ಒಂದು, ಗುಣಿತಕ್ಕೆ ಒಂದು, ಒತ್ತಿಗೆ ಇನ್ನೊಂದು. ಅಷ್ಟೂ ಭಾರ ಬೀಳುವುದು ಬೆರಳುಗಳ ಮೇಲೆ, ಪುಟ್ಟ ಕಿರುಬೆರಳಿನವರೆಗೆ.

ಮೊದಲು ನೋವು ಬಂದದ್ದು ಮುಕ್ತಾಯಕ್ಕನಿಗೆ. ಒಂದೇ ಸಮ ಹನಿಯುತ್ತಿದ್ದ ಆ ಬೆರಳುಗಳು ಮಧ್ಯಾಹ್ನದ ಹೊತ್ತಿಗೆ ತಡವರಿಸಲು ಶುರುಮಾಡಿದವು. ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಏನೋ ಎಳೆದ ಹಾಗೆ. ನಡುನಡುವೆ ಕೈ ಇಳಿಬಿಟ್ಟು ಕೊಡವುವಳು.

“ಬೆಳಿಗ್ಗೆ ಏಳೋವಾಗ ಕೈ ನನ್ನದೇ ಅಲ್ಲ ಅನ್ನೋ ಹಂಗಿರುತ್ತೆ ಕಣೆ” ಎಂದಳು ಕಾತ್ಯಾಯಿನಿಗೆ. “ನಿನ್ನೆ ಕಾಫಿ ಲೋಟ ಜಾರಿಬಿತ್ತು. ಅಮ್ಮ ನಕ್ಕರು. ಮುದ್ದೆ ತೊಳಸೋಕೆ ಹೋದ್ರೆ ಕೋಲೇ ಹಿಡಿಯೋಕಾಗಲ್ಲ.”

ಕಾತ್ಯಾಯಿನಿ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಮಣಿಕಟ್ಟು ಊದಿತ್ತು.

“ನಿನಗೂನಾ?”

“ಎಷ್ಟು ತಿಂಗಳಿಂದಲೋ. ಯಾರಿಗೂ ಹೇಳಿಲ್ಲ. ಅತ್ತಿಗೆಗೆ ಗೊತ್ತಾದ್ರೆ, ದುಡಿಯೋಕೂ ಆಗದವಳನ್ನ ಎಷ್ಟು ದಿನ ಇಟ್ಕೋಬೇಕು ಅಂತಾರೆ.” ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, “ಜಡೆ ಹಾಕ್ಕೊಳೋಕೂ ಆಗ್ತಿಲ್ಲ ಮುಕ್ತಾ. ಕೈ ಹಿಂದಕ್ಕೆ ಹೋಗಲ್ಲ. ಗಂಟು ಕಟ್ಕೊಂಡು ಬರ್ತೀನಿ.”

ಅಂದಿನಿಂದ ಕಚೇರಿಯ ಗಂಟೆ ಬಾರಿಸುವ ಮೊದಲು ಮುಕ್ತಾಯಕ್ಕ ಅವಳ ಹಿಂದೆ ನಿಂತು ಜಡೆ ಹೆಣೆಯುತ್ತಿದ್ದಳು. ನೋಯುವ ಕೈಯೇ ನೋಯುವ ಕೈಗೆ ಆಸರೆ. ಬಾಚಣಿಗೆಯನ್ನು ನನ್ನ ಪಕ್ಕದಲ್ಲೇ ಇಟ್ಟಿರುತ್ತಿದ್ದರು. ಇಬ್ಬರೂ ಮೆಲ್ಲಗೆ ಮಾತಾಡುವರು, ನಗುವರು. ಆ ಹೊತ್ತು ನನಗೂ ಇಷ್ಟವಾಗಿತ್ತು.

ಮುಕ್ತಾಯಕ್ಕ ಆಸ್ಪತ್ರೆಗೆ ಹೋಗಿಬಂದಳು. ಅಲ್ಲಿಯ ಡಾಕ್ಟರಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿ, ಇದು ಕೆಲಸದಿಂದ ಬಂದದ್ದು, ಮಣಿಕಟ್ಟಿನೊಳಗೆ ನರ ಒತ್ತಿಕೊಂಡಿದೆ, ಕೈಗೆ ವಿಶ್ರಾಂತಿ ಕೊಡದಿದ್ದರೆ ಮುಂದೆ ಹಿಡಿತವೇ ಹೋಗಬಹುದು ಎಂದಿದ್ದರಂತೆ.

“ಇಬ್ಬರೂ ಸಾಹೇಬರ ಹತ್ತಿರ ಹೋಗೋಣ” ಎಂದಳು ಮುಕ್ತಾಯಕ್ಕ. “ನಾವೇನು ಸಂಬಳ ಜಾಸ್ತಿ ಕೇಳ್ತೀವಾ? ಸ್ಟೆನ್ಸಿಲ್‌ಗೆ ಇನ್ನೊಬ್ಬರನ್ನ ಹಾಕಿ ಅಂತ ಕೇಳೋದು. ಇಲ್ಲಾಂದ್ರೆ ಅರ್ಧ ದಿನ ರವಾನೆ ವಿಭಾಗದಲ್ಲಿ ಕೂರಿಸಿ ಅಂತ. ಒಬ್ಬಳು ಹೋದ್ರೆ ಸೋಂಬೇರಿ ಅಂತಾರೆ. ಇಬ್ಬರೂ ಹೇಳಿದ್ರೆ ಕೇಳಲೇಬೇಕು.”

“ಹೂಂ, ಹೋಗೋಣ” ಎಂದಳು ಕಾತ್ಯಾಯಿನಿ.

“ಕೊನೇ ಗಳಿಗೇಲಿ ಹೆದರಬೇಡ ಮತ್ತೆ.”

“ನೀನಿರ್ತೀಯಲ್ಲ, ನನಗ್ಯಾಕೆ ಹೆದರಿಕೆ?”

ಇದು ಮ್ಯಾನೇಜರ್ ಪಟ್ಟಾಭಿರಾಮಯ್ಯನವರ ಕಿವಿಗೆ ಬಿತ್ತು. ಸಾಹೇಬರನ್ನು ಕಾಣಬೇಕೆಂದು ಅವರನ್ನೇ ಕೇಳಬೇಕಾಗಿತ್ತಲ್ಲ. ಭೇಟಿಯ ಹಿಂದಿನ ದಿನ ಸಂಜೆ, ಮುಕ್ತಾಯಕ್ಕ ತಾಯಿಯ ಔಷಧಿ ತರಲು ಬೇಗ ಹೊರಟಿದ್ದಳು. ಕಾತ್ಯಾಯಿನಿ ನನ್ನ ಮೇಲೆ ಕೊನೆಯ ಪುಟ ಮುಗಿಸುತ್ತಿದ್ದಳು. ಮ್ಯಾನೇಜರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅವರು ಕೆಟ್ಟ ದನಿಯಲ್ಲಿ ಮಾತಾಡುವವರಲ್ಲ. ಮನೆಯ ಹಿರಿಯರ ಹಾಗೆ ಮಾತಾಡುತ್ತಿದ್ದರು.

“ನೋಡಮ್ಮ ಕಾತ್ಯಾಯಿನಿ, ಮೇಲಿನ ಕಚೇರಿಯಿಂದ ಬಂದಿದೆ. ಇಬ್ಬರಲ್ಲಿ ಒಬ್ಬರನ್ನ ಖಾಯಂ ಮಾಡ್ತಾರೆ. ಒಬ್ಬರನ್ನ ಮಾತ್ರ. ಯಾರಿಗೆ ಕೈಲಾಗಲ್ಲವೋ ಅವರನ್ನ ಯಾರು ಇಟ್ಕೋತಾರೆ? ನಿನ್ನ ಪರಿಸ್ಥಿತಿ ನನಗೆ ಗೊತ್ತಿದೆ. ನಾಳೆ ಯೋಚನೆ ಮಾಡಿ ಮಾತಾಡು.”

ಅವರು ಎದ್ದುಹೋದರು. ಕಾತ್ಯಾಯಿನಿಯ ಕೈ ನನ್ನ ಕೀಲಿಗಳ ಮೇಲೆಯೇ ಇತ್ತು. ಒಂದು ಸಾಲು ಬರೆಯಬೇಕಾದಲ್ಲಿ ಅವಳು ಎರಡು ಸಲ ತಪ್ಪು ಮಾಡಿದಳು. ಹಾಳೆ ಎಳೆದು ಮುದುಡಿ ಎಸೆದು, ಎದ್ದು ಹೋದಳು.

ನನಗೆ ಬಾಯಿದ್ದಿದ್ದರೆ ಮರುದಿನ ಮುಕ್ತಾಯಕ್ಕ ಬಂದ ಕೂಡಲೇ ಹೇಳಿಬಿಡುತ್ತಿದ್ದೆ. ನನಗಿರುವುದು ಅಕ್ಷರ ಮಾತ್ರ, ಅದೂ ಬೇರೆಯವರು ಒತ್ತಿದಾಗ.

ಮರುದಿನ ಬೆಳಿಗ್ಗೆಯೂ ಜಡೆ ಹೆಣೆದಾಯಿತು. “ಇವತ್ತು ಸ್ವಲ್ಪ ಬಿಗಿಯಾಗೇ ಹಾಕ್ತೀನಿ, ಸಾಹೇಬರ ಮುಂದೆ ಅಚ್ಚುಕಟ್ಟಾಗಿ ಕಾಣಬೇಕು” ಎಂದಳು ಮುಕ್ತಾಯಕ್ಕ. ಕಾತ್ಯಾಯಿನಿ ತಲೆ ಬಗ್ಗಿಸಿ ಕೂತಿದ್ದಳು. ಅವಳ ಕಣ್ಣು ನನಗೆ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ಜವಾನ ಹನುಮಂತಯ್ಯ ಬಂದ. “ಸಾಹೇಬರು ಮಿಷನ್ನೂ ತರಕ್ಕೆ ಹೇಳವ್ರೆ” ಎನ್ನುತ್ತಾ ನನ್ನನ್ನು ಎದೆಗವಚಿಕೊಂಡು ಎತ್ತಿದ. ನಾನು ಮೊದಲ ಬಾರಿ ಸಾಹೇಬರ ಕೋಣೆ ನೋಡಿದ್ದು ಆಗಲೇ. ದೊಡ್ಡ ಮೇಜು, ಹಸಿರು ಬಟ್ಟೆ, ತಿರುಗುವ ಫ್ಯಾನು. ನನ್ನನ್ನು ಆ ಹಸಿರು ಬಟ್ಟೆಯ ಮೇಲೆ ಕೂರಿಸಿದರು.

“ಏನಮ್ಮ, ಟೈಪ್ ಮಾಡಿದ್ರೆ ಕೈ ನೋಯುತ್ತಾ?” ಸಾಹೇಬರು ನಗುತ್ತಲೇ ಕೇಳಿದರು. “ಬಿಸಿಲಲ್ಲಿ ಕಳೆ ಕೀಳೋ ಹೆಂಗಸರು ಏನು ಹೇಳಬೇಕು ಹಾಗಾದ್ರೆ?”

“ಅವರಿಗೂ ನೋಯುತ್ತೆ ಸಾರ್. ಅವರು ನಿಮ್ಮ ಹತ್ತಿರ ಬಂದು ಹೇಳಿಲ್ಲ ಅಷ್ಟೆ” ಎಂದಳು ಮುಕ್ತಾಯಕ್ಕ.

ಸಾಹೇಬರ ನಗು ನಿಂತಿತು. ಅವರು ತಮ್ಮ ತೋರುಬೆರಳು ಚಾಚಿ ನನ್ನ ‘ಕ’ ಒತ್ತಿದರು. ‘ಕ’ ಎದ್ದು ಬಿತ್ತು. ಮತ್ತೊಮ್ಮೆ ಒತ್ತಿದರು.

“ಬೆಣ್ಣೆ ಇದ್ದ ಹಾಗಿದೆಯಲ್ರೀ ಪಟ್ಟಾಭಿರಾಮಯ್ಯ! ಮಗು ಕೂಡ ಒತ್ತಬಹುದು.”

ನನ್ನನ್ನು ಅಲ್ಲಿಗೆ ಯಾಕೆ ಹೊತ್ತು ತಂದರು ಎಂದು ನನಗೆ ಆಗ ತಿಳಿಯಿತು. ಅವಳ ವಿರುದ್ಧ ಸಾಕ್ಷಿ ಹೇಳಲು ತಂದಿದ್ದರು. ಒಂದು ಬೆರಳಿನ ಒಂದು ಏಟಿಗೆ ನಾನು ಹಗುರವೇ. ಮಗುವಿಗೂ ಹಗುರವೇ. ಅದು ಸುಳ್ಳಲ್ಲ. ಆದರೆ ಅಲ್ಲಿ ಅದೇ ದೊಡ್ಡ ಸುಳ್ಳಾಗಿ ನಿಂತಿತು.

“ಒಂದು ಸಲ ಒತ್ತಿದ್ರೆ ಹಾಗೇ ಸಾರ್” ಎಂದಳು ಮುಕ್ತಾಯಕ್ಕ. “ಬೆಳಿಗ್ಗೆಯಿಂದ ಸಂಜೆತನಕ ಒಂದು ಸ್ಟೆನ್ಸಿಲ್ ಕೊರೆದು ನೋಡಿ. ನನಗೊಬ್ಬಳಿಗೇ ಅಲ್ಲ ಇದು, ನಮ್ಮಿಬ್ಬರಿಗೂ ಇದೆ.”

“ಇಬ್ಬರಿಗೂ ಅಂತೆ. ಎಲ್ಲಿ, ಇನ್ನೊಬ್ಬರು ಹೇಳಲಿ.”

ಕಾತ್ಯಾಯಿನಿ ಬಾಗಿಲ ಪಕ್ಕ ನಿಂತಿದ್ದಳು. ಎಲ್ಲರೂ ಅವಳತ್ತ ತಿರುಗಿದರು.

“ನನಗೇನೂ ಇಲ್ಲ ಸಾರ್.”

“ಗಟ್ಟಿಯಾಗಿ ಹೇಳಮ್ಮ.”

“ನನಗೆ ಕೈ ನೋವಿಲ್ಲ ಸಾರ್. ಯಾವತ್ತೂ ಇರಲಿಲ್ಲ.”

ಮುಕ್ತಾಯಕ್ಕ ಅವಳನ್ನು ನೋಡಿದಳು. ಮುಖವನ್ನಲ್ಲ, ಭುಜದ ಮೇಲೆ ಮುಂದಕ್ಕೆ ಬಿದ್ದಿದ್ದ ಜಡೆಯನ್ನು. ಅರ್ಧ ಗಂಟೆಯ ಹಿಂದೆ ತಾನೇ ಹೆಣೆದ ಜಡೆ. ಅವಳ ಬಾಯಿ ತೆರೆಯಿತು. ಒಂದು ಮಾತು ಸಾಕಾಗಿತ್ತು. ‘ನೋವಿಲ್ಲದಿದ್ದರೆ ಇಲ್ಲೇ ನಿಮ್ಮೆದುರಿಗೇ ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳಲಿ ಸಾರ್’ ಎಂದಿದ್ದರೆ ಸಾಕಾಗಿತ್ತು. ಹೇಳು, ಹೇಳು ಎಂದು ನಾನು ಒಳಗೊಳಗೇ ಕೂಗಿಕೊಂಡೆ.

ಅವಳು ಬಾಯಿ ಮುಚ್ಚಿಕೊಂಡಳು.

“ಸರಿ” ಎಂದರು ಸಾಹೇಬರು. “ಮಾತಲ್ಲಿದ್ರೆ ನಾಳೆ ಇನ್ನೇನೋ ಅಂತೀರಿ. ಇಲ್ಲೇ ಟೈಪ್ ಮಾಡಿ ಸಹಿ ಹಾಕಿಬಿಡಮ್ಮ. ನೋವು ಇಲ್ಲ ಅಂದ ಮೇಲೆ ಇದೇನು ಕಷ್ಟ?”

ಕಾತ್ಯಾಯಿನಿ ಬಂದು ನನ್ನ ಮುಂದೆ ಕೂತಳು. ಹಾಳೆ ಏರಿಸಿದಳು. ‘ನನ್ನ ಕೈಗಳಲ್ಲಿ ಯಾವುದೇ ನೋವು ಇರುವುದಿಲ್ಲ’ ಎಂದು ಮ್ಯಾನೇಜರು ಹೇಳುತ್ತಾ ಹೋದರು, ಅವಳು ಒತ್ತುತ್ತಾ ಹೋದಳು. ಅವಳ ಕಿರುಬೆರಳು ಕೀಲಿಯ ಮೇಲೆ ಕೂರಲಾರದೆ ಜಾರುತ್ತಿತ್ತು. ‘ನೋವು’ ಎಂಬಲ್ಲಿ ಉಂಗುರದ ಬೆರಳನ್ನು ತಂದು ಒತ್ತಿದಳು. ಮಣಿಕಟ್ಟಿನಿಂದ ಒಂದು ನಡುಕ ಇಳಿದು ನನ್ನ ಉಕ್ಕಿನ ಕಡ್ಡಿಯವರೆಗೂ ಬಂತು. ಆ ಕೋಣೆಯಲ್ಲಿ ಅದು ಗೊತ್ತಾದದ್ದು ನಮ್ಮ ಮೂವರಿಗೆ: ಒತ್ತಿದವಳಿಗೆ, ನನಗೆ, ಗೋಡೆಯ ಪಕ್ಕ ನಿಂತು ನೋಡುತ್ತಿದ್ದ ಮುಕ್ತಾಯಕ್ಕನಿಗೆ. ನನಗೆ ನಿಲ್ಲಬೇಕೆನಿಸಿತು. ಎರಡು ಅಕ್ಷರ ಒಟ್ಟಿಗೆ ಎದ್ದು ಸಿಕ್ಕಿಹಾಕಿಕೊಳ್ಳುವುದು ನಮ್ಮಲ್ಲಿ ಆಗಾಗ ಆಗುತ್ತದೆ. ಅಂದು ಆಗಲಿಲ್ಲ. ಒಂದು ಕಾಗುಣಿತ ತಪ್ಪಿಲ್ಲದೆ, ಒಂದು ಮಸುಕಿಲ್ಲದೆ ನಾನು ಆ ಸುಳ್ಳನ್ನು ಮೂಡಿಸಿಕೊಟ್ಟೆ.

ನಮ್ಮ ಕೋಣೆಗೆ ವಾಪಸು ಬಂದ ಮೇಲೆ ಮುಕ್ತಾಯಕ್ಕ ತನ್ನ ಚೀಲ ತೆಗೆದುಕೊಂಡಳು.

“ಮುಕ್ತಾ, ನನ್ನ ಮಾತು ಕೇಳು...” ಕಾತ್ಯಾಯಿನಿ ಅಡ್ಡ ಬಂದಳು.

“ಬಾಚಣಿಗೆ ನಿಂದು” ಎಂದಳು ಮುಕ್ತಾಯಕ್ಕ. ಅದನ್ನು ಎತ್ತಿ ಅವಳ ಮೇಜಿನ ಮೇಲಿಟ್ಟಳು. “ನಾಳೆಯಿಂದ ಬೇರೆ ಯಾರನ್ನಾದ್ರೂ ನೋಡ್ಕೋ.”

ಆ ತಿಂಗಳ ಕೊನೆಗೆ ಮುಕ್ತಾಯಕ್ಕನ ಕೆಲಸ ಮುಂದುವರಿಯಲಿಲ್ಲ. ಕಾತ್ಯಾಯಿನಿ ಖಾಯಂ ಆದಳು. ಹಳೆಯ ಯಂತ್ರ ಮೂಲೆ ಸೇರಿತು. ಇಬ್ಬರ ಕೆಲಸ ಒಬ್ಬಳಿಗೆ ಬಂತು, ನನ್ನೊಬ್ಬನ ಮೇಲೆ ಬಂತು.

ವರ್ಷಗಟ್ಟಲೆ ಅವಳು ನನ್ನ ಮೇಲೆ ಕುಕ್ಕಿದಳು. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಳು. ಕಚೇರಿಯವರು ಇದೇನು ಫ್ಯಾಷನ್ ಎಂದು ನಕ್ಕರು. ಕಿರುಬೆರಳು ಪೂರ್ತಿ ಸುಮ್ಮನಾಯಿತು. ಆಮೇಲೆ ಉಂಗುರದ ಬೆರಳು. ಸೀರೆಯ ಸೆರಗಿನೊಳಗೆ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಸರಕ್ಕನೆ ಮುಚ್ಚಿಕೊಳ್ಳುವಳು. ತನಗೆ ನೋವು ಇದೆ ಎಂದು ಹೇಳುವ ದಾರಿಯನ್ನು ಅವಳೇ ಮುಚ್ಚಿಕೊಂಡಿದ್ದಳು. ನನಗೆ ಅವಳ ಮೇಲೆ ಸಿಟ್ಟಿತ್ತು. ಆದರೆ ಸಿಟ್ಟಿದ್ದರೂ ಒತ್ತಿದ ಅಕ್ಷರ ಮೂಡಿಸದೆ ನನಗೆ ಬೇರೆ ದಾರಿಯಿರಲಿಲ್ಲ. ಒಂದೊಂದು ಸಲ, ಅವಳು ಕೀಲಿಗಳ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಾಗ, ಸಿಟ್ಟು ಎಲ್ಲಿಡಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಕಾತ್ಯಾಯಿನಿಯನ್ನು ಅದರ ಮುಂದೆ ಕೂರಿಸಿದರು. ನನ್ನನ್ನು ಉಗ್ರಾಣದಲ್ಲಿ ಮುರಿದ ಕುರ್ಚಿಗಳ ಮೇಲೆ ಇಟ್ಟರು. ಕೆಲವು ವರ್ಷ ಧೂಳು ತಿಂದೆ. ಒಂದು ದಿನ ಹಳೆಯ ಸಾಮಾನನ್ನೆಲ್ಲ ಹರಾಜು ಹಾಕಿದರು. ಚೆನ್ನಿಗಪ್ಪ ಎಂಬ ಮುದುಕರು ನನ್ನನ್ನು ಕೊಂಡು, ಆಟೋದಲ್ಲಿ ಹಾಕಿಕೊಂಡು, ಒಂದು ಕಟ್ಟಡದ ಮಹಡಿಗೆ ಹತ್ತಿಸಿದರು. ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಸರ್ಕಾರಿ ಕೆಲಸಕ್ಕೆ ಬೆರಳಚ್ಚು ಪರೀಕ್ಷೆ ಕಟ್ಟುವ ಹುಡುಗಿಯರು ಅಲ್ಲಿ ಸಾಲಾಗಿ ಕೂತು ಕಲಿಯುತ್ತಿದ್ದರು.

ನನ್ನ ಮೇಲಿನ ಧೂಳನ್ನು ಯಾರೋ ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಆ ಕೈ ನನಗೆ ಗೊತ್ತಿತ್ತು.

ಮುಕ್ತಾಯಕ್ಕ ಒಂದು ಹಾಳೆ ಏರಿಸಿ ಎಡಗೈಯಿಂದ ಒಂದು ಸಾಲು ಒತ್ತಿದಳು. ‘ಳ’ ಎದ್ದು ನಿಂತದ್ದು ನೋಡಿ ಕೈ ನಿಲ್ಲಿಸಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

“ಓ, ನೀನಾ” ಎಂದಳು. “ನಿನ್ನೂ ಹೊರಗೆ ಹಾಕಿದ್ರಾ?”

ನಿಗಮ ಬಿಟ್ಟ ಮೇಲೆ ಅವಳಿಗೆ ವರ್ಷಾನುಗಟ್ಟಲೆ ಟೈಪಿಂಗ್ ಕೆಲಸ ಆಗಿರಲಿಲ್ಲವಂತೆ. ಕೈ ಅರ್ಧ ಸರಿಹೋಯಿತು, ಅರ್ಧ ಹಾಗೇ ಉಳಿಯಿತು. ತಾಯಿ ತೀರಿಕೊಂಡರು. ಚೆನ್ನಿಗಪ್ಪನವರು ಮಾತ್ರ, ಕೈಯಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿಕೊಡಮ್ಮ ಎಂದು ಕೆಲಸ ಕೊಟ್ಟರು. ಅವಳು ಹೇಳಿಕೊಡುವುದನ್ನು ನಾನು ದಿನವೂ ಕೇಳುತ್ತಿದ್ದೆ. “ಮಣಿಕಟ್ಟು ಎತ್ತಿ. ಭುಜ ಇಳಿಸಿ. ಸಾಕು, ಕೈ ಬಿಡಿ, ಕೊಡವಿ.” ವೇಗ ಬರಲಿಲ್ಲವೆಂದು ಅಳುತ್ತಾ ನೋಯುವ ಕೈಯಲ್ಲೇ ಒತ್ತುತ್ತಿದ್ದ ನೇತ್ರಾವತಿ ಎಂಬ ಹುಡುಗಿಯನ್ನು ಒಂದು ಸಲ ಎಬ್ಬಿಸಿ ಮನೆಗೇ ಕಳಿಸಿಬಿಟ್ಟಳು.

“ಪರೀಕ್ಷೆ ಇದೆ ಮೇಡಂ” ಎಂದಳು ಹುಡುಗಿ.

“ಪರೀಕ್ಷೆ ಮುಂದಿನ ಸಲ ಬರುತ್ತೆ. ಕೈ ಬರಲ್ಲ. ಹೋಗು.”

ಚೆನ್ನಿಗಪ್ಪನವರು ತೀರಿಕೊಳ್ಳುವ ಮುಂಚೆ ಇನ್‌ಸ್ಟಿಟ್ಯೂಟನ್ನು ಅವಳಿಗೇ ಒಪ್ಪಿಸಿದರು. ಆ ಕಾಲ ನನ್ನ ಬಾಳಿನ ಒಳ್ಳೆಯ ಕಾಲ. ಹೊಸ ಹೊಸ ಬೆರಳುಗಳು, ಮೆತ್ತನೆಯ ಏಟುಗಳು.

ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ಬಲಗೈಗೆ ಮೊಣಕೈವರೆಗೆ ಪಟ್ಟಿ ಕಟ್ಟಿತ್ತು. ಬಾಗಿಲಲ್ಲೇ ನಿಂತಳು. ಕುತ್ತಿಗೆಯವರೆಗಿನ ಕೂದಲು ನೋಡಿ ನನಗೆ ಗುರುತು ಸಿಕ್ಕಿತು. ಮುಕ್ತಾಯಕ್ಕನಿಗೂ ಸಿಕ್ಕಿತು.

“ಬಾ” ಎಂದಳು ಅಷ್ಟೆ. ಕೂರು ಎನ್ನಲಿಲ್ಲ. ಕಾತ್ಯಾಯಿನಿ ತಾನೇ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನನ್ನನ್ನು ನೋಡಿದಳೋ ಇಲ್ಲವೋ ತಿಳಿಯದು.

“ಆಪರೇಷನ್ ಆಯ್ತು ಮುಕ್ತಾ. ಸರಿಹೋಗಲಿಲ್ಲ. ಪೆನ್ನು ಹಿಡಿಯೋಕೂ ಆಗಲ್ಲ. ಕೆಲಸದಿಂದ ಬಂದ ಕಾಯಿಲೆ ಅಂತ ಒಪ್ಪಿದ್ರೆ ನಿವೃತ್ತಿ ಕೊಟ್ಟು ಪಿಂಚಣಿ ಕೊಡ್ತಾರೆ. ಇಲ್ಲಾಂದ್ರೆ ಕೆಲಸಕ್ಕೆ ಬರಲಿಲ್ಲ ಅಂತ ತೆಗೆದುಹಾಕ್ತಾರೆ.” ಅವಳು ಉಸಿರು ಎಳೆದುಕೊಂಡಳು. “ಅವರು ಒಪ್ತಿಲ್ಲ. ಅಷ್ಟು ವರ್ಷ ಟೈಪ್ ಮಾಡಿದ ಮೇಲೂ ನೋವಿಲ್ಲ ಅಂತ ನೀವೇ ಬರೆದುಕೊಟ್ಟಿದೀರಲ್ಲಮ್ಮ, ಇದು ಮನೆಯಲ್ಲೇನೋ ಮಾಡ್ಕೊಂಡಿದ್ದು ಅಂತಾರೆ.”

ಮುಕ್ತಾಯಕ್ಕ ಪಕ್ಕದ ಯಂತ್ರಕ್ಕೆ ಮುಸುಕು ಹಾಕಿದಳು.

“ಆವಾಗಲೇ ನೋವಿತ್ತು ಅಂತ ಗೊತ್ತಿರೋಳು ನೀನೊಬ್ಬಳೇ. ನನ್ನ ಮೇಲೆ ನಿನಗೆ ಎಷ್ಟು ಬೇಕಾದ್ರೂ ಸಿಟ್ಟಿರಲಿ. ಒಂದು ಸಲ ಬಂದು ಹೇಳು.”

“ಮ್ಯಾನೇಜರು ಹಿಂದಿನ ದಿನ ನಿನ್ನ ಹತ್ತಿರ ಬಂದಿದ್ರು ಅಲ್ವಾ?” ಎಂದು ಕೇಳಿದಳು ಮುಕ್ತಾಯಕ್ಕ.

ಕಾತ್ಯಾಯಿನಿ ಬೆಚ್ಚಿದಳು. “ನಿನಗೆ ಹೆಂಗೆ ಗೊತ್ತು?”

“ನನ್ನ ಹತ್ತಿರಾನೂ ಬಂದಿದ್ರು. ಅದೇ ದಿನ ಬೆಳಿಗ್ಗೆನೇ ಮನೆ ಹತ್ತಿರ ಬಂದು ಅದನ್ನೇ ಹೇಳಿದ್ರು. ಕಾತ್ಯಾಯಿನಿಗೇ ನೋವು, ನನಗಿಲ್ಲ ಅಂತ ಹೇಳಿಬಿಡಮ್ಮ, ಕೆಲಸ ನಿಂದೇ ಅಂದ್ರು. ನಾನು ಆಗಲ್ಲ ಅಂದೆ. ನೀನೂ ಆಗಲ್ಲ ಅಂದಿರ್ತೀಯ ಅಂದ್ಕೊಂಡೇ ಒಳಗೆ ಬಂದೆ.”

ಇದು ನನಗೂ ಗೊತ್ತಿರಲಿಲ್ಲ. ಕಾತ್ಯಾಯಿನಿಯ ಕಣ್ಣಿಂದ ನೀರು ಪಟ್ಟಿಯ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಎಡಗೈಯನ್ನೂ ಎತ್ತಲಿಲ್ಲ.

“ನಡಿ” ಎಂದಳು ಮುಕ್ತಾಯಕ್ಕ, ಚಪ್ಪಲಿ ಮೆಟ್ಟುತ್ತಾ. “ಕಚೇರಿ ಮುಚ್ಚೋದರೊಳಗೆ ಹೋಗಿಬರೋಣ.”

ಅವರಿಬ್ಬರೂ ಹೋದರು. ಅಂದು ಪಾಠ ಇರಲಿಲ್ಲ. ನೇತ್ರಾವತಿ ಒಬ್ಬಳೇ ಬಂದು, ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಕೂತು ಹೊರಟುಹೋದಳು. ಸಂಜೆ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆಯ ಸದ್ದು ಕೇಳಿತು.

ಅಲ್ಲಿ ನಡೆದದ್ದು ಅವರ ಮಾತಿನಿಂದಲೇ ನನಗೆ ತಿಳಿಯಿತು. ಸಾಹೇಬರು ಹೊಸಬರು. ಮುಕ್ತಾಯಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರಂತೆ. ಆಮೇಲೆ ಹಳೆಯ ಕಡತ ತರಿಸಿ ನೋಡಿದರಂತೆ. ‘ನೋವೆಂದು ಸುಳ್ಳು ಹೇಳಿ ಕೆಲಸ ತಪ್ಪಿಸಿದ್ದಕ್ಕೆ ನಿಮ್ಮನ್ನೇ ತೆಗೆದಿದ್ದಾರಲ್ಲಮ್ಮ. ನಿಮ್ಮ ಮಾತನ್ನ ನಾನು ಹೇಗೆ ಸಾಕ್ಷಿ ಅಂತ ತಗೊಳ್ಳಲಿ?’ ಎಂದರಂತೆ. ಮೇಲ್ಮನವಿ ಕೊಡಿ, ನೋಡೋಣ ಎಂದು ಕಳಿಸಿದರಂತೆ.

“ಅವತ್ತು ನಿನ್ನನ್ನ ಸುಳ್ಳುಗಾತಿ ಮಾಡಿದೆ. ಇವತ್ತು ನಿನ್ನ ನಿಜ ನನಗೇ ಉಪಯೋಗಕ್ಕೆ ಬರಲಿಲ್ಲ” ಎಂದಳು ಕಾತ್ಯಾಯಿನಿ. ಆಮೇಲೆ ಮೆಲ್ಲಗೆ ಕೇಳಿದಳು, “ಕ್ಷಮಿಸ್ತೀಯಾ ಮುಕ್ತಾ?”

ಮುಕ್ತಾಯಕ್ಕ ಕಿಟಕಿ ಮುಚ್ಚಿದಳು, ಚಿಲಕ ಹಾಕಿದಳು.

“ಇಲ್ಲ ಕಣೆ. ಪ್ರಯತ್ನ ಮಾಡಿದೆ, ಆಗಲಿಲ್ಲ. ಕರೆದ್ರೆ ಮತ್ತೆ ಬರ್ತೀನಿ, ಎಲ್ಲಿ ಬೇಕಾದ್ರೂ ಬಂದು ನಿಜ ಹೇಳ್ತೀನಿ. ಅದು ಬೇರೆ. ಕತ್ತಲಾಗ್ತಿದೆ, ನೀನು ಮನೆಗೆ ಹೋಗು.”

ಮೇಲ್ಮನವಿಗೆ ಮುಕ್ತಾಯಕ್ಕ ಎರಡು ಸಲ ಬೆಂಗಳೂರಿಗೂ ಹೋಗಿಬಂದಳು. ಹಿಂದೆ ತನ್ನ ಕೈ ನೋಡಿದ್ದ ಡಾಕ್ಟರಮ್ಮ ನಿವೃತ್ತರಾಗಿದ್ದರೂ ಹುಡುಕಿ ಕರೆದುಕೊಂಡು ಹೋದಳು. ಕೊನೆಗೆ ಕಾತ್ಯಾಯಿನಿಗೆ ಅರ್ಧ ಪಿಂಚಣಿ ಸಿಕ್ಕಿತಂತೆ. ಅದನ್ನು ಹೇಳಲು ಅವಳು ಸಿಹಿ ತಂದಿದ್ದಳು. ಮುಕ್ತಾಯಕ್ಕ ಡಬ್ಬಿಯನ್ನು ಹುಡುಗಿಯರಿಗೆ ಹಂಚಿದಳು, ತಾನು ತಿನ್ನಲಿಲ್ಲ. ಮತ್ತೆ ಕಾತ್ಯಾಯಿನಿ ಬರಲಿಲ್ಲ.

ಆಮೇಲೆ ಕಲಿಯುವವರು ಕಡಿಮೆಯಾದರು. ಪರೀಕ್ಷೆಯೂ ಕಂಪ್ಯೂಟರಿಗೆ ಹೋಯಿತು. ಮುಕ್ತಾಯಕ್ಕನಿಗೂ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಇನ್‌ಸ್ಟಿಟ್ಯೂಟ್ ಮುಚ್ಚುವ ದಿನ ಗುಜರಿಯವನು ಬಂದು ಯಂತ್ರಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಕೊನೆಗೆ ಉಳಿದದ್ದು ನಾನು. ನನ್ನನ್ನು ಅವಳು ಮನೆಗೆ ಒಯ್ಯುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವಳ ಯೌವನ ಗೊತ್ತಿರುವುದು ನನಗೆ. ಅವಳಿಗಾದ ಮೋಸಕ್ಕೆ ಉಳಿದಿರುವ ಸಾಕ್ಷಿ ನಾನು. ಇಷ್ಟು ವರ್ಷ ಆ ಬಟ್ಟೆಯಿಂದ ನನ್ನನ್ನು ಒರೆಸಿದವಳು ಅವಳು.

“ಇದನ್ನ ಇಟ್ಕೋತೀರಾ ಅಮ್ಮ? ಚೆನ್ನಾಗಿಟ್ಟಿದೀರಿ” ಎಂದ ಗುಜರಿಯವನು.

ಅವಳು ನನ್ನನ್ನು ನೋಡಿದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

“ಬೇಡಪ್ಪ. ಮೊದಲು ಇದನ್ನ ಒಯ್ಯಬೇಕಿತ್ತು ನೀನು.”

ಅವನು ನನ್ನನ್ನು ಎತ್ತಿದ. ಮೆಟ್ಟಿಲ ತಿರುವಿನಲ್ಲಿ ನಾನು ಹಿಂದೆ ನೋಡುವಷ್ಟರಲ್ಲಿ ಅವಳು ಬೀಗ ಹಾಕುತ್ತಿದ್ದಳು.

ಈಗ ಗುಜರಿ ಅಂಗಡಿಯ ತಗಡಿನ ಕೆಳಗೆ, ಕೆಟ್ಟ ಫ್ಯಾನುಗಳ ನಡುವೆ ಇದ್ದೇನೆ. ಬಂದ ಹೊಸದರಲ್ಲಿ ಅವಳ ಮೇಲೆ ನನಗೆ ಬಂದಷ್ಟು ಕೋಪ ಕಾತ್ಯಾಯಿನಿಯ ಮೇಲೂ ಬಂದಿರಲಿಲ್ಲ. ಎಲ್ಲರೂ ಬಿಟ್ಟರು, ನೀನೂ ಬಿಟ್ಟೆಯಾ ಎಂದು ಕುದ್ದೆ. ಯೋಚಿಸಲು ಇಲ್ಲಿ ಬೇಕಾದಷ್ಟು ಸಮಯವಿದೆ. ಯೋಚಿಸುತ್ತಾ ಹೋದಂತೆ ಒಂದು ಮಾತು ಹೊಳೆಯಿತು. ನಾನು ಅವಳನ್ನು ನನ್ನವಳು ಎಂದುಕೊಂಡಿದ್ದೆ. ಅವಳು ನನ್ನನ್ನು ಹಾಗೆಂದು ಯಾವತ್ತೂ ಹೇಳಿರಲಿಲ್ಲ. ಅವಳು ನನ್ನನ್ನು ಒರೆಸಿದ್ದು ಅಕ್ಷರ ಸ್ವಚ್ಛವಾಗಿ ಬೀಳಲೆಂದು. ಸ್ವಚ್ಛವಾಗಿ ಬಿದ್ದರೆ ಒಂದು ಏಟು ಉಳಿಯುತ್ತದೆಂದು. ತನ್ನ ಕೈ ತಿಂದ ಉಕ್ಕನ್ನು ಮುದಿತನದಲ್ಲಿ ಯಾರು ತಾನೇ ಕಣ್ಣ ಮುಂದೆ ಇಟ್ಟುಕೊಳ್ಳುತ್ತಾರೆ?

ಮಳೆಗೆ ನನ್ನ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಇನ್ನು ನನ್ನಿಂದ ಯಾರಿಗೂ ನೋವಾಗುವುದಿಲ್ಲ, ಯಾರೂ ನನ್ನಿಂದ ಸುಳ್ಳು ಬರೆಸಲಾರರು. ಇದೇ ನೆಮ್ಮದಿ ಎಂದುಕೊಳ್ಳಲು ನೋಡುತ್ತೇನೆ. ಆದರೂ ಅಂಗಡಿಗೆ ಬಂದವರು ಯಾರಾದರೂ, ಇದೇನಿದು ಎಂದು ಕುತೂಹಲದಿಂದ ಬೆರಳು ಚಾಚಿದಾಗ, ನನ್ನ ತುಕ್ಕು ಹಿಡಿದ ಅಕ್ಷರಗಳೆಲ್ಲ ಒಟ್ಟಿಗೆ ಏಳಲು ಹವಣಿಸುತ್ತವೆ. ಏಳಲು ಆಗುವುದಿಲ್ಲ. ಬಂದವರು ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಹೋಗುತ್ತಾರೆ.